‘ಹುಲಿ ಬಿತ್ತು’ ಎಂದು ಅಚ್ಚಾದ ವಾರ

ನಮ್ಮ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನು ಈಗ ತೆಗೆದು ಓದಿದರೆ ನಗು ತಡೆಯುವುದು ಕಷ್ಟ. ಕೃಷ್ಣರಾಜನಗರದ ಸುದ್ದಿಯ ಅಂಕಣದಲ್ಲಿ ಒಂದು ವಾರ ‘ಸಂಸ್ಕೃತ ಪಂಡಿತರ ಹರಾಜು’ ಎಂದಿದೆ. ಅದರ ಪಕ್ಕದಲ್ಲೇ ‘ಬೀಡಾಡಿ ದನಗಳ ಉಪನ್ಯಾಸ’. ಎರಡು ತಲೆಬರಹಗಳ ಕೊನೆಯ ಪದಗಳನ್ನು ನಾನು ಅದಲುಬದಲು ಮಾಡಿ ಕಟ್ಟಿದ್ದೆ. ಪಂಡಿತರು ದೊಡ್ಡ ಮನಸ್ಸಿನವರು. ಮುಂದಿನ ವಾರ ಖುದ್ದಾಗಿ ಬಂದು, “ಸವಾಲು ಎಲ್ಲಿಗೆ ನಿಂತಿತಪ್ಪಾ?” ಎಂದು ಕೇಳಿ, ಕಾಫಿ ಕುಡಿದು ಹೋದರು. ಪಿರಿಯಾಪಟ್ಟಣದ ಜವಳಿ ವ್ಯಾಪಾರಿಯೊಬ್ಬರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬಣವೆಗೆ ಬೆಂಕಿ ಬಿದ್ದ ಸುದ್ದಿಗೆ ಇಟ್ಟಿದ್ದ ‘ಭಾರಿ ನಷ್ಟ’ ಎಂಬ ಸಾಲು ಅವರ ಮಗಳ ಮದುವೆಯ ವರ್ತಮಾನದ ಮೇಲೆ ಹೋಗಿ ಕೂತಿತ್ತು. ಬೀಗರಿಗೆ ಸಮಾಧಾನ ಹೇಳುವಷ್ಟರಲ್ಲಿ ಅವರಿಗೆ ಸಾಕುಸಾಕಾಯಿತಂತೆ.

ಇವನ್ನೆಲ್ಲ ನಾನು ಯಾರ ಮುಂದೆ ಬೇಕಾದರೂ ನಕ್ಕು ಹೇಳಬಲ್ಲೆ. ಒಂದನ್ನು ಮಾತ್ರ ನಗುತ್ತ ಶುರುಮಾಡಿದರೂ ನಡುವೆ ಎಲ್ಲೋ ನಗು ನಿಂತುಹೋಗುತ್ತದೆ. ಅದು ಎರಡೇ ಪದ.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಕಾಗದ ಸಿಗದೆ ನಮ್ಮ ಪತ್ರಿಕೆ ಎಂಟು ಪುಟದಿಂದ ನಾಲ್ಕಕ್ಕೆ ಇಳಿದಿತ್ತು. ಹುಣಸೂರಿನ ಪೇಟೆಬೀದಿಯಲ್ಲಿ ಒಂದು ಅಂಗಡಿಯ ಹಿಂದಿನ ಎರಡು ಕೋಣೆಗಳೇ ನಮ್ಮ ಮುದ್ರಣಾಲಯ. ಸಂಪಾದಕರೇ ಮಾಲೀಕರು. ಕಾಲಲ್ಲಿ ತುಳಿಯುವ ಅಚ್ಚಿನ ಯಂತ್ರ ಒಂದು. ಅಕ್ಷರದ ಮೊಳೆ ಜೋಡಿಸುವವನು ನಾನೊಬ್ಬನೇ. ಸಂಪಾದಕರು ಬರೆಯುತ್ತಿದ್ದ ತಲೆಬರಹಗಳು ಒಂದೊಂದೂ ಅರ್ಧ ಗಜ ಉದ್ದ. ಅವನ್ನು ಅಂಕಣದ ಅಳತೆಗೆ ಮೊಟಕು ಮಾಡುವುದೂ ನನ್ನ ಪಾಲಿನ ಕೆಲಸವಾಗಿತ್ತು. ಅರ್ಥ ಕೆಡದಂತೆ ಕತ್ತರಿಸುತ್ತೇನೆ ಎಂಬ ಹಮ್ಮು ನನಗಿತ್ತು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಹೆಗ್ಗಡದೇವನಕೋಟೆ, ನಮ್ಮ ಬಾಯಲ್ಲಿ ಬರೀ ಕೋಟೆ, ಆ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿಯಲ್ಲಿ ಹುಲಿಯೊಂದು ಇಬ್ಬರನ್ನು ಹೊತ್ತುಕೊಂಡು ಹೋಗಿತ್ತು. ಒಬ್ಬ ದನ ಕಾಯುತ್ತಿದ್ದವನು, ಇನ್ನೊಬ್ಬಳು ಸೌದೆಗೆ ಹೋದವಳು. ಅಲ್ಲಿಂದ ಎರಡು ತಿಂಗಳು ಆ ಊರಿನ ದನಗಳು ಕೊಟ್ಟಿಗೆ ಬಿಟ್ಟು ಹೊರಗೆ ಬಂದಿರಲಿಲ್ಲ. ಹುಲ್ಲು ಮುಗಿದು, ಸೌದೆ ಮುಗಿದು, ಜನ ಮುರುಕು ನೇಗಿಲು ಒಡೆದು ಒಲೆಗೆ ಇಡುತ್ತಿದ್ದಾರೆಂದು ಅಲ್ಲಿನ ಶಾಲೆಯ ಮೇಷ್ಟರು ವಾರವಾರ ಬರೆಯುತ್ತಿದ್ದರು. ಆ ಮೇಷ್ಟರೇ ನಮ್ಮ ಬಾತ್ಮೀದಾರರು.

ಒಂದು ಗುರುವಾರ ಅವರ ಕಾಗದ ಕೋಟೆಯ ಬಸ್ಸಿನಲ್ಲಿ ಬಂತು. ಬೇಟೆಗೆಂದು ಬಂದಿದ್ದ ಅಧಿಕಾರಿಯೊಬ್ಬರು ಬುಧವಾರ ಸಂಜೆ ಮರಕ್ಕೆ ಕಟ್ಟಿದ ಮಚಾನಿನ ಮೇಲಿಂದ ಹುಲಿಗೆ ಗುಂಡು ಹಾರಿಸಿದರು, ಗುಂಡು ತಗುಲಿತು, ಹುಲಿ ಪೊದೆಗೆ ನುಗ್ಗಿತು, ಬೆಳಕು ಹೋಗಿದ್ದರಿಂದ ಹುಡುಕುವುದನ್ನು ಮರುದಿನಕ್ಕೆ ಇಟ್ಟುಕೊಂಡಿದ್ದಾರೆ. ಇಷ್ಟೇ ಇದ್ದದ್ದು. ಸಂಪಾದಕರು ಅದಕ್ಕೆ, ‘ಕೋಟೆ ತಾಲ್ಲೂಕಿನ ಪ್ರಜೆಗಳನ್ನು ಬಹುಕಾಲದಿಂದ ಪೀಡಿಸುತ್ತಿದ್ದ ಕ್ರೂರವ್ಯಾಘ್ರಕ್ಕೆ ಗುಂಡಿನ ಪೆಟ್ಟು’ ಎಂದು ತಲೆಬರಹ ಬರೆದು ಕೊಟ್ಟರು.

“ಮೊದಲನೇ ಪುಟಕ್ಕೆ ಹಾಕು. ಮರದ ಅಕ್ಷರದಲ್ಲಿ ಬರಲಿ, ದೊಡ್ಡದಾಗಿ. ಆ ಕಡೆಯ ಜನ ಕಾದಿದ್ದಾರೆ” ಎಂದರು.

ಮರದ ಅಕ್ಷರಗಳೆಂದರೆ ಮೈಸೂರಿನ ಯಾವುದೋ ಮುಚ್ಚಿದ ಅಚ್ಚುಕೂಟದಿಂದ ಬಂದ ಹಳೆಯ ಸರಕು. ಮೂರು ಬೆರಳು ಎತ್ತರದವು. ಅಕ್ಷರ ಬೇರೆ, ಅದಕ್ಕೆ ಹಚ್ಚುವ ಕೊಂಬು, ಗುಡಿಸು, ಒತ್ತು ಬೇರೆ. ನಾನು ತಲೆಬರಹವನ್ನು ‘ಹುಲಿಗೆ ಗುಂಡು ಬಿತ್ತು’ ಎಂದು ಮೊಟಕು ಮಾಡಿ ಜೋಡಿಸಲು ಕೂತೆ. ಹು, ಗುಂ, ಡು, ತ್ತು: ನಾಲ್ಕು ಕೊಂಬು ಬೇಕು. ಪೆಟ್ಟಿಗೆಯಲ್ಲಿ ಇದ್ದದ್ದು ಮೂರು. ಅದರಲ್ಲಿ ಒಂದರ ಬಾಲವನ್ನು ಗೆದ್ದಲು ತಿಂದಿತ್ತು.

ಸೀಸದ ಚಿಕ್ಕ ಕೊಂಬುಗಳನ್ನು ತಂದು, ಕೆಳಗೆ ರಟ್ಟಿನ ಚೂರು ಇಟ್ಟು ಎತ್ತರ ಸರಿಮಾಡಿ, ಒಂದು ಪ್ರತಿ ಒತ್ತಿ ನೋಡಿದೆ. ಆನೆಯಂಥ ಅಕ್ಷರಕ್ಕೆ ಸೊಳ್ಳೆ ಕೂತ ಹಾಗೆ ಕಂಡಿತು. ಮಧ್ಯಾಹ್ನವೆಲ್ಲ ಅದರ ಹಿಂದೆಯೇ ಹೋಯಿತು. ಕೊನೆಗೆ ಬೇಸತ್ತು ನಡುವಿನ ‘ಗೆ ಗುಂಡು’ ಎಂಬಷ್ಟನ್ನು ಎತ್ತಿ ಪಕ್ಕಕ್ಕಿಟ್ಟೆ. ಉಳಿದದ್ದು ‘ಹುಲಿ ಬಿತ್ತು’. ಎರಡು ಕೊಂಬು ಸಾಕು. ಅಂಕಣಕ್ಕೆ ಅಳತೆ ತೆಗೆದು ಹೊಲಿದಂತೆ ಕೂತಿತು.

ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುಂಡು ತಗುಲಿದ ಹುಲಿ ಬೀಳದೆ ಎಲ್ಲಿಗೆ ಹೋಗುತ್ತದೆ, ಪತ್ರಿಕೆ ಆ ಊರು ಸೇರುವ ಹೊತ್ತಿಗೆ ಸಿಕ್ಕಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಳಗಿನ ಸಣ್ಣ ಅಕ್ಷರದ ವರದಿಯಲ್ಲಿ ಮೇಷ್ಟರು ಬರೆದದ್ದೆಲ್ಲ ಒಂದಕ್ಷರ ಬಿಡದೆ ಇದ್ದೇ ಇತ್ತು. ಪ್ರೂಫು ತೋರಿಸಿದಾಗ ಸಂಪಾದಕರು ಕನ್ನಡಕ ಹಣೆಗೇರಿಸಿ, “ಸಿಕ್ಕಿತಂತೇನು?” ಎಂದರು.

“ಇಷ್ಟುಹೊತ್ತಿಗೆ ಸಿಕ್ಕಿರುತ್ತೆ ಸ್ವಾಮಿ” ಎಂದೆ.

ಅವರು ಸಹಿ ಹಾಕಿದರು. ಶುಕ್ರವಾರ ಅಚ್ಚಾಯಿತು. ಶನಿವಾರ ಬೆಳಿಗ್ಗೆ ಆರೂವರೆಗೆ ಕೋಟೆಯ ಕಡೆಗೆ ಹೋಗುವ ಪತ್ರಿಕೆಗಳ ಕಟ್ಟು ಬಸ್ಸು ಹತ್ತಿತು.

ಅದೇ ಶನಿವಾರ ಒಂಬತ್ತಕ್ಕೆ ಆ ಕಡೆಯಿಂದ ಬಂದ ಬಸ್ಸಿನಲ್ಲಿ ಮೇಷ್ಟರ ಎರಡನೆಯ ಕಾಗದ ಬಂತು. ಸಂಪಾದಕರು ಒಡೆದು ಓದಿದರು. ಓದುತ್ತಿದ್ದಂತೆ ನಿಂತವರು ಕೂತರು. ಕಾಗದವನ್ನು ನನ್ನ ಕಡೆ ಚಾಚಿದರು.

‘ಎರಡು ದಿನ ಹುಡುಕಿದರೂ ಹುಲಿ ಸಿಗಲಿಲ್ಲ. ರಕ್ತದ ಜಾಡು ಹಳ್ಳದ ಪೊದೆಗಳಲ್ಲಿ ತಪ್ಪಿಹೋಗಿದೆ. ಹಿಂಗಾಲಿಗೆ ಪೆಟ್ಟಾಗಿದೆ, ಓಡುವ ಬೇಟೆ ಹಿಡಿಯಲಾರದು, ಇನ್ನು ಮನುಷ್ಯರ ಮೇಲೇ ಬೀಳುತ್ತದೆ ಎನ್ನುತ್ತಾರೆ. ಅಧಿಕಾರಿಗಳು ಇನ್ನೊಂದು ಕೋವಿಗೆ, ಆನೆಗೆ ಹೇಳಿಕಳುಹಿಸಿದ್ದಾರೆ, ಸೋಮವಾರ ಬರುತ್ತಾರಂತೆ. ಅಲ್ಲಿಯವರೆಗೆ ಯಾರೂ ಕಾಡಿಗೆ ಹೋಗಬಾರದೆಂದು ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ನಾನು ಹೇಳಿದರೆ ಕೇಳುವವರಿಲ್ಲ, ಪತ್ರಿಕೆಯಲ್ಲಿ ಬಂದರೆ ನಂಬುತ್ತಾರೆ.’

ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ.

ಸಂಪಾದಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆ ನೋಡುತ್ತ, “ಹುಲಿಗೆ ಗಾಯ ಅಂತ ಹಾಕಬಹುದಿತ್ತಲ್ಲಯ್ಯಾ. ಒಂದೇ ಕೊಂಬು ಸಾಕಾಗ್ತಿತ್ತು” ಎಂದರು.

ಆಮೇಲೆ ಎದ್ದು ಅಂಗಿ ಹಾಕಿಕೊಂಡರು. “ಕೋಟೆಗೆ ತಂತಿ ನಾನು ಕೊಡ್ತೀನಿ. ಅಲ್ಲಿಂದ ಆ ಹಳ್ಳಿಗೆ ಆಳು ಹೊರಡೋ ಹೊತ್ತಿಗೆ ಸಂಜೆ ಆಗುತ್ತೆ. ಬಸ್ಸು ಇನ್ನು ನಾಳೆಗೇ. ನನ್ನ ಸೈಕಲ್ ತೊಗೊಂಡು ಹೋಗು. ದಾರೀಲಿ ಕಟ್ಟು ಸಿಕ್ಕಿದರೆ ಹಿಡಿ. ಸಿಗದಿದ್ದರೆ ಊರಿಗೇ ಹೋಗಿ ಹೇಳು.”

ಹುಣಸೂರಿನಿಂದ ಹದಿನಾರು ಮೈಲಿ ಕೋಟೆಯ ರಸ್ತೆ. ಅಲ್ಲಿಂದ ಬಲಕ್ಕೆ ತಿರುಗಿ ನಾಲ್ಕು ಮೈಲಿ ಗಾಡಿಜಾಡು. ನಾನು ಅಷ್ಟು ದೂರ ಸೈಕಲ್ ತುಳಿದವನಲ್ಲ. ದಿನವೆಲ್ಲ ಮೊಳೆಪೆಟ್ಟಿಗೆಯ ಮುಂದೆ ನಿಲ್ಲುವ ಕಾಲುಗಳು; ಮೊದಲ ಏರಿನಲ್ಲೇ ಇಳಿದು ತಳ್ಳಬೇಕಾಯಿತು. ಒಂದೇ ಆಸೆ ಆ ಇದ್ದಿಲಿನ ಬಸ್ಸು. ಅದು ಏರಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಬಸ್ಸು. ಒಲೆ ಕೆದಕಿ, ಗಾಳಿ ಹಾಕಿ, ಜನ ಇಳಿದು ತಳ್ಳಿದರೆ ಮುಂದೆ ಹೋಗುತ್ತಿತ್ತು.

ಹದಿನಾಲ್ಕು ಮೈಲಿ ದಾಟಿದ ಮೇಲೆ ಅದು ಕಂಡಿತು. ರಸ್ತೆಯ ಬದಿಯಲ್ಲಿ ನಿಂತಿತ್ತು. ಜನ ಹೊಂಗೆಯ ಮರದ ಕೆಳಗೆ ಮಲಗಿದ್ದರು. ಡ್ರೈವರು ಒಲೆಯ ಬೂದಿ ತೋಡುತ್ತಿದ್ದ. ನನಗೆ ಎದೆ ತುಂಬಿ ಬಂತು. ಬಸ್ಸು ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟವನು ಆ ರಸ್ತೆಯಲ್ಲಿ ನಾನೊಬ್ಬನೇ ಇರಬೇಕು. ಸೈಕಲ್ ಬಿಸಾಕಿ ಕಂಡಕ್ಟರನ ಹತ್ತಿರ ಓಡಿದೆ.

“ನಮ್ಮ ಪೇಪರ್ ಕಟ್ಟು ಎಲ್ಲಪ್ಪಾ? ಕೊಡು ಅದನ್ನ.”

ಅವನು ಬೀಡಿ ತೆಗೆದು ನಕ್ಕ. “ಕಟ್ಟು ಆಗ್ಲೇ ಓಯ್ತು ಕಣ್ರೀ. ಎಂಟು ಗಂಟೇಲೇ ನಿಂತೋಯ್ತು ನಮ್ ಗಾಡಿ. ಇಂಥಾ ಒಳ್ಳೆ ಸುದ್ದಿ ಇಲ್ಲೇ ಕೊಳೀಬಾರ್ದು ಅಂತ ಮರದ ಲಾರಿ ಬಂತಲ್ಲಾ, ಅದ್ರಾಗೆ ಆಕ್ದೆ. ಆ ಊರ್ ಮುಂದೇ ಓಯ್ತದೆ ಅದು. ಇಷ್ಟೊತ್ತಿಗೆ ಊರೆಲ್ಲಾ ಅಬ್ಬ ಮಾಡ್ತಿರ್ತದೆ ಬುಡಿ.”

ನಾನು ಅಲ್ಲೇ ಕೂತುಬಿಟ್ಟೆ. ನಾವು ಯಾವತ್ತೂ ಬೈದುಕೊಳ್ಳುತ್ತಿದ್ದದ್ದು ಪತ್ರಿಕೆ ಹಳ್ಳಿಗಳಿಗೆ ತಡವಾಗಿ ಸೇರುತ್ತದೆಂದು. ಆ ಒಂದು ದಿನ ಅದು ಎಲ್ಲಕ್ಕಿಂತ ಮುಂಚೆ ಸೇರಿತ್ತು.

ನಾನು ಊರು ಮುಟ್ಟಿದಾಗ ಒಂದೂವರೆ ಗಂಟೆ ಆಗಿರಬೇಕು. ದೂರದಿಂದಲೇ ತಮಟೆಯ ಸದ್ದು ಕೇಳಿತು. ಚಾವಡಿಯ ಗೋಡೆಗೆ ನಮ್ಮ ಪತ್ರಿಕೆಯ ಮೊದಲ ಪುಟವನ್ನು ರಾಗಿ ಅಂಬಲಿ ಹಚ್ಚಿ ಅಂಟಿಸಿದ್ದರು. ‘ಹುಲಿ’ಗೂ ‘ಬಿತ್ತು’ಗೂ ನಡುವೆ ಕುಂಕುಮ ಇಟ್ಟು, ಮೇಲೆ ಚೆಂಡುಹೂವಿನ ಸರ ಬಿಟ್ಟಿದ್ದರು. ನಾನು ಜೋಡಿಸಿದ ಯಾವ ಅಕ್ಷರಕ್ಕೂ ಅದಕ್ಕೆ ಮೊದಲು ಪೂಜೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮೇಷ್ಟರು ಚಾವಡಿಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ತೆಳ್ಳಗಿನ ಮನುಷ್ಯ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನನ್ನ ತೋಳು ಹಿಡಿದರು.

“ಕೆಳಗೆ ಓದಿ ಅಂತ ಬೆಳಿಗ್ಗೆಯಿಂದ ಬಡ್ಕೋತಿದ್ದೀನಿ. ಕೆಳಗಿರೋದು ಸಣ್ಣಕ್ಷರ, ಅದು ಹಳೇದು, ಮೇಲಿರೋದು ದೊಡ್ಡದು, ಅದು ಹೊಸದು ಅಂತಾರೆ. ನಾಲ್ಕು ಜನ ದನ ಹೊಡ್ಕೊಂಡು ಹತ್ತು ಗಂಟೇಲೇ ಒಳಗೆ ಹೋದರು. ಈಗ ಹೆಂಗಸರು ಹೊರಟಿದ್ದಾರೆ.”

ಚಾವಡಿಯ ಮುಂದೆ ಇಪ್ಪತ್ತು ಮಂದಿ ಹೆಂಗಸರು ಕುಡುಗೋಲು, ಹಗ್ಗ ಹಿಡಿದು ಸೌದೆಗೆ ಸಿದ್ಧರಾಗಿ ನಿಂತಿದ್ದರು. ಊರಿನ ಯಜಮಾನರು, ಬಿಳಿ ಮೀಸೆಯ ದೊಡ್ಡ ಆಳು, ಅವರಿಗೆ ಯಾವ ಕಡೆ ಹೋಗಬೇಕೆಂದು ಹೇಳುತ್ತಿದ್ದರು. ನಾನು ಹೋಗಿ ಅಡ್ಡ ನಿಂತೆ.

“ಯಜಮಾನ್ರೇ, ಹುಲಿ ಸತ್ತಿಲ್ಲ. ಪೇಪರಿನಲ್ಲಿ ತಪ್ಪಾಗಿ ಬಿದ್ದಿದೆ. ನಾನೇ ಅದನ್ನ ಜೋಡಿಸಿದವನು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೆವರು, ಧೂಳು, ಹರಿದ ಪಂಚೆ. “ಅಚ್ಚಾದದ್ದು ಸುಳ್ಳಾಯ್ತದಾ ಸ್ವಾಮಿ? ಸರ್ಕಾರ ಸುಮ್ನೆ ಬುಡ್ತದಾ?”

ನಾನು ಬೆರಳು ತೋರಿಸಿದೆ. ಉಗುರಿನ ಸಂದಿಯ ಮಸಿ ತೋರಿಸಿದೆ. ಕೊಂಬು ಸಾಲದೆ ಹೋದ ಕಥೆ ಹೇಳಿದೆ. ಹೇಳುತ್ತಿದ್ದಂತೆ ಅದು ನನಗೇ ನಂಬಲಾಗದ ಕಥೆಯಾಗಿ ಕೇಳಿಸಿತು. ಹೆಂಗಸರ ಗುಂಪಿನ ಮುಂದೆ ನಿಂತಿದ್ದ ಒಬ್ಬಾಕೆ, ಸೊಂಟಕ್ಕೆ ಹಗ್ಗ ಸುತ್ತಿಕೊಂಡವಳು, ಎಲ್ಲ ಕೇಳಿ ನಿಧಾನವಾಗಿ ಹೇಳಿದಳು:

“ಅಲ್ಲ ಕಣಪ್ಪ. ಸುಳ್ಳು ಅಚ್ಚಾಕ್ದೋನು ನಾನೇ ಅಂತ ನೀನೇ ಏಳ್ತಿದ್ದೀಯ. ಅಂಗಂದ್ಮೇಕೆ ಈಗ ನೀನು ಏಳಾದು ನಿಜ ಅಂತ ನಾವು ಎಂಗೆ ನಂಬಾದು?”

ಹೆಂಗಸರು ನನ್ನ ಎರಡೂ ಪಕ್ಕದಿಂದ ದಾಟಿ ನಡೆಯತೊಡಗಿದರು. ಮೇಷ್ಟರು ಮುಂದೆ ಓಡಿ ಕೈ ಅಗಲಿಸಿ ನಿಂತರು. ಅವರನ್ನೂ ಸರಿಸಿಕೊಂಡು ಹೊರಟರು. ಕಾಡಿನ ಅಂಚು ಅಲ್ಲಿಂದ ಎರಡು ಹೊಲದ ಆಚೆಗೆ ಕಾಣುತ್ತಿತ್ತು.

ಗೋಡೆಯ ಮೇಲೆ ಆ ಎರಡು ಪದಗಳು ಹೂವು ಮುಡಿದು ಕೂತಿದ್ದವು. ಅವನ್ನು ಅಳಿಸುವ ಶಕ್ತಿ ನನಗಿರಲಿಲ್ಲ. ಅವುಗಳ ಜೊತೆ ಜಗಳ ಆಡಿದಷ್ಟೂ ಸೋಲುವವನು ನಾನೇ ಎಂಬುದು ಆಗ ಹೊಳೆಯಿತು. ಮುಂದಿನ ಮಾತನ್ನು ನಾನು ಯೋಚಿಸಿ ಆಡಿದೆ ಎನ್ನಲಾರೆ. ಬಾಯಿಗೆ ಬಂತು, ಆಡಿಬಿಟ್ಟೆ.

“ಹುಲಿ ಬಿದ್ದದ್ದು ನಿಜ” ಎಂದು ಕೂಗಿದೆ. “ಬಿದ್ದದ್ದು ಗಂಡು. ಹೆಣ್ಣೊಂದಿದೆ. ಗಂಡನ್ನ ಹುಡುಕಿಕೊಂಡು ಹಳ್ಳದ ಹತ್ತಿರ ತಿರುಗ್ತಿದೆ. ಅದನ್ನ ಹೇಳೋದಕ್ಕೇ ಹುಣಸೂರಿಂದ ಬಂದೆ. ಅದು ಮುಂದಿನ ವಾರದ ಪೇಪರಿನಲ್ಲಿ ಬರುತ್ತೆ.”

ಗುಂಪು ನಿಂತಿತು. ಸೊಂಟಕ್ಕೆ ಹಗ್ಗ ಸುತ್ತಿಕೊಂಡಿದ್ದವಳು ತಿರುಗಿ ನೋಡಿದಳು.

“ಜೋಡಿ ಇತ್ತಾ?” ಎಂದಳು.

“ಇತ್ತು.”

“ಅದ ಮೊದ್ಲೇ ಏಳಾದಲ್ವಾ” ಎಂದು ಹಗ್ಗ ಬಿಚ್ಚಿದಳು. ಒಂದು ಗಳಿಗೆಯಲ್ಲಿ ಚಾವಡಿಯ ಮುಂದೆ ಒಬ್ಬ ಹೆಂಗಸೂ ಇರಲಿಲ್ಲ. ಬಾಗಿಲುಗಳ ಅಗುಳಿ ಬೀಳುವ ಸದ್ದು ಬೀದಿಯುದ್ದಕ್ಕೂ ಕೇಳಿತು. ತಮಟೆ ತಾನಾಗಿ ನಿಂತಿತ್ತು. ಅರ್ಧ ಗಂಟೆ ನಿಜ ಹೇಳಿ ಆಗದ್ದು ಒಂದು ಸುಳ್ಳಿಗೆ ಆಗಿತ್ತು. ಮೇಷ್ಟರು ನನ್ನ ಮುಖ ನೋಡಿದರು.

ಯಜಮಾನರ ಮುಖ ಬೂದಿಯಾಗಿತ್ತು. “ನಮ್ ತಮ್ಮ ಒಳಗವ್ನೆ” ಎಂದರು. ದನ ಹೊಡೆದುಕೊಂಡು ಹೋದ ನಾಲ್ವರಲ್ಲಿ ಅವರ ತಮ್ಮ ಒಬ್ಬ.

ಬೇಟೆಯ ಅಧಿಕಾರಿ ಕೋಟೆಯಲ್ಲಿದ್ದರು. ಊರಿನಲ್ಲಿ ಕೋವಿ ಇರಲಿಲ್ಲ. ಚಾವಡಿಯ ಪಕ್ಕದ ಅತ್ತಿಮರದ ಕೆಳಗೆ ಜೇನುಕುರುಬರ ಒಬ್ಬ ಹಿರಿಯರು ಬೆಳಿಗ್ಗೆಯಿಂದ ಕೂತಿದ್ದರು. ಎರಡು ದಿನ ಅಧಿಕಾರಿಯ ಜೊತೆ ರಕ್ತದ ಜಾಡು ಹಿಡಿದು ತಿರುಗಿದವರು ಅವರೇ. ಅವರು ಎದ್ದು ಕೊಡಲಿ ಎತ್ತಿಕೊಂಡರು. ಯಜಮಾನರು, ಮೇಷ್ಟರು, ತಮಟೆಯವರು ಇಬ್ಬರು, ನಾನು, ಹಿಂದೆ ಕೊಡಲಿ ಹಿಡಿದ ನಾಲ್ಕೈದು ಗಂಡಸರು ಹೊರಟೆವು. ನನಗೆ ಒಂದು ದೊಣ್ಣೆ ಕೊಟ್ಟರು.

ಹೊಲ ದಾಟುವಾಗ ಆ ಹಿರಿಯರು ನನ್ನ ಪಕ್ಕಕ್ಕೆ ಬಂದರು. “ಆ ಎರಡನೇದ ಎಲ್ಲಿಂದ ತಂದೆ?” ಎಂದು ಮೆಲ್ಲಗೆ ಕೇಳಿದರು.

ನಾನು ದೊಣ್ಣೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

“ಒಳ್ಳೇದಾಯ್ತು ಬುಡು. ಉಲಿ ಬದುಕದೆ ಅಂತ ನಾನು ಎರಡು ದಿನದಿಂದ ಏಳ್ತಾ ಇವ್ನಿ. ನೋಡಿ ಬಂದೋನು ನಾನು. ಒಬ್ರೂ ಕೇಳ್ನಿಲ್ಲ.”

ಕಾಡಿನೊಳಗೆ ಹತ್ತು ಮಾರು ಹೋಗುವಷ್ಟರಲ್ಲಿ ಬಿಸಿಲು ಬೇರೆಯಾಯಿತು. ಎರಡೂ ಕಡೆ ಲಂಟಾನದ ಪೊದೆ ಆಳೆತ್ತರ ಬೆಳೆದಿತ್ತು. ಒಳಗೆ ಏನಿದೆ ಎಂದು ಒಂದು ಮೊಳ ಆಚೆಗೆ ಕಾಣದು. ಹಿರಿಯರು ಎಲ್ಲರಿಗಿಂತ ಮುಂದೆ, ಅವರ ಬೆನ್ನಿಗೆ ಒಬ್ಬ ತಮಟೆಯವನು, ಕೊನೆಗೆ ಇನ್ನೊಬ್ಬ. ತಮಟೆ ನಿಲ್ಲಿಸಬಾರದು, ಯಾರೂ ಓಡಬಾರದು, ಒಬ್ಬರ ಬೆನ್ನು ಒಬ್ಬರು ಬಿಡಬಾರದು ಎಂದು ಅವರು ಹೇಳಿದ್ದರು.

ಅರ್ಧ ಮೈಲಿ ಹೋಗಿರಬಹುದು. ಎದುರಿನಿಂದ ನೆಲ ಅದುರುವ ಸದ್ದು ಬಂತು. ದನಗಳು ಬಾಲ ಎತ್ತಿಕೊಂಡು ನಮ್ಮ ಕಡೆಗೇ ನುಗ್ಗಿ ಬಂದವು. ನಾವು ಪೊದೆಗೆ ಒತ್ತಿಕೊಂಡು ನಿಂತೆವು. ಮೂವತ್ತು ನಲವತ್ತು ದನ ನಮ್ಮನ್ನು ಉಜ್ಜಿಕೊಂಡು ಹೋದವು. ಕೊನೆಯ ದನವೂ ಹೋಯಿತು. ಅವುಗಳ ಹಿಂದೆ ಮನುಷ್ಯರು ಇರಲಿಲ್ಲ.

ಯಜಮಾನರು ತಮ್ಮನ ಹೆಸರು ಹಿಡಿದು ಕೂಗಿದರು. ಉತ್ತರ ಮೇಲಿನಿಂದ ಬಂತು. ಹಳ್ಳದ ದಡದ ಮತ್ತಿಮರದ ಕೊಂಬೆಗಳಲ್ಲಿ ಮೂವರು ಅಪ್ಪಿಕೊಂಡು ಕೂತಿದ್ದರು.

“ಕೆಳಗವ್ನೆ ಅಣ್ಣಾ, ಹಳ್ಳದಾಗೆ. ಉಲಿ ಅಲ್ಲೇ ಪೊದೇಲದೆ. ಬರ್ಬೇಡಿ” ಎಂದು ಒಬ್ಬ ಅಳುತ್ತ ಕೂಗಿದ.

ಹಳ್ಳದ ಮರಳಿನ ಮೇಲೆ ಅವನು ಬೋರಲು ಬಿದ್ದಿದ್ದ. ಎಡ ಹೆಗಲಿನಿಂದ ಮೊಣಕೈವರೆಗೆ ಕಂಬಳಿಯೂ ಮಾಂಸವೂ ಒಂದಾಗಿ ಹೋಗಿತ್ತು. ಅವನಿಂದ ಏಳೆಂಟು ಮಾರು ಆಚೆ ಪೊದೆಯ ಎಲೆಗಳು ಗಾಳಿಯಿಲ್ಲದೆ ಅಲ್ಲಾಡುತ್ತಿದ್ದವು. ಒಂದು ಉಸಿರು ಕೇಳುತ್ತಿತ್ತು. ಕುಲುಮೆಯ ಹರಿದ ತಿದಿಯ ಹಾಗೆ, ಎಳೆದು ಎಳೆದು ಬಿಡುವ ಉಸಿರು.

ಹಿರಿಯರು ಕೈ ಎತ್ತಿದರು. ತಮಟೆಯವರಿಬ್ಬರು ಪೊದೆಗೂ ಗಾಯಗೊಂಡವನಿಗೂ ನಡುವೆ ಹೋಗಿ ನಿಂತು ಬಡಿಯತೊಡಗಿದರು. ಅವರ ಕೈಯಲ್ಲಿ ಕೊಡಲಿಯೂ ಇರಲಿಲ್ಲ. ಆ ಇಬ್ಬರ ಧೈರ್ಯವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಯಜಮಾನರು ಇಳಿದು ತಮ್ಮನ ಕಂಕುಳಿಗೆ ಕೈ ಹಾಕಿದರು. ಇನ್ನೊಂದು ಕಡೆ ಹಿಡಿಯಲು ಯಾರಾದರೂ ಬೇಕಿತ್ತು. ಹತ್ತಿರ ಇದ್ದವನು ನಾನು. ಇಳಿದೆ. ಪೊದೆ ನೋಡದೆ ಅವನ ಕಾಲುಗಳನ್ನು ಹಿಡಿದು ಎತ್ತಿದೆ. ಕಂಬಳಿಯಲ್ಲಿ ಸುತ್ತಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ದಡ ಹತ್ತಿದೆವು. ಉಸಿರು ಕೇಳಿಸುತ್ತಲೇ ಇತ್ತು. ಹುಲಿ ಹೊರಗೆ ಬರಲಿಲ್ಲ. ಅದರ ಮುಖವನ್ನು ನಾನು ಆವತ್ತು ನೋಡಲೇ ಇಲ್ಲ.

ಊರು ಮುಟ್ಟಿದ ಕೂಡಲೇ ಗಾಡಿ ಕಟ್ಟಿ ಅವನನ್ನು ಕೋಟೆಯ ಆಸ್ಪತ್ರೆಗೆ ಸಾಗಿಸಿದರು. ನಮ್ಮ ತಂತಿಯ ಮೇರೆಗೆ ಬರುತ್ತಿದ್ದ ಜವಾನ ದಾರಿಯಲ್ಲಿ ಗಾಡಿಗೆ ಎದುರಾದನಂತೆ. ಸೋಮವಾರ ಅಧಿಕಾರಿಗಳು ಆನೆಯ ಮೇಲೆ ಬಂದು ಅದೇ ಹಳ್ಳದ ಪೊದೆಯಲ್ಲಿ ಹುಲಿಯನ್ನು ಹೊಡೆದರು. ಹಿಂಗಾಲಿನ ಮೇಲೆ ಬುಧವಾರದ ಗುಂಡಿನ ಗಾಯ ಕೀವು ತುಂಬಿಕೊಂಡಿತ್ತು. ಗಾಡಿಯಲ್ಲಿ ಹಾಕಿ ಚಾವಡಿಗೆ ತಂದರು. ಮಗುಚಿ ನೋಡಿದರೆ ಹೆಣ್ಣು ಹುಲಿ.

ಮೇಷ್ಟರು ಆ ದಿನದ ವರದಿಯ ಜೊತೆ ನನಗೆ ಬೇರೆ ಒಂದು ಚೀಟಿ ಇಟ್ಟಿದ್ದರು. ‘ಇಡೀ ಊರು ನಿಮ್ಮನ್ನು ಕೊಂಡಾಡುತ್ತಿದೆ. ಪೇಪರಿನಲ್ಲಿ ಬಿದ್ದದ್ದು ಗಂಡು, ಹುಣಸೂರಿನವರು ಬಂದು ಹೇಳಿದ್ದು ಹೆಣ್ಣು, ಎರಡೂ ಅಕ್ಷರಶಃ ನಿಜವಾಯಿತು ಎನ್ನುತ್ತಾರೆ. ನಾನು ಇವರಿಗೆ ಏನು ಹೇಳಲಿ?’

ಸಂಪಾದಕರು ಅದನ್ನು ಓದಿ ಮೊದಲ ಸಲ ನಕ್ಕರು. ಕೂಡಲೇ ನಿಲ್ಲಿಸಿದರು. ಆ ಹೊತ್ತಿಗೆ, ಸರ್ಕಾರಕ್ಕೇ ತಿಳಿಯದ ಹುಲಿಯ ಸಾವು ಪತ್ರಿಕೆಗೆ ಹೇಗೆ ತಿಳಿಯಿತೆಂದು ಮೇಲಿನಿಂದ ಪ್ರಶ್ನೆ ಬಂದಿತ್ತು. ಸುಮ್ಮನಿದ್ದುಬಿಟ್ಟಿದ್ದರೆ ಎರಡು ಹುಲಿಯ ಲೆಕ್ಕದಲ್ಲಿ ನಾವು ಪಾರಾಗುತ್ತಿದ್ದೆವು. ತಪ್ಪೊಪ್ಪಿಗೆ ಬರೆದರೆ ಸರ್ಕಾರ ಹಂಚುತ್ತಿದ್ದ ಕಾಗದದ ಪಾಲು, ನಮ್ಮ ಕೋಟಾ, ಹೋಗುವ ಭಯವಿತ್ತು. ಅವರು ಒಂದು ದಿನ ಪೂರ್ತಿ ಅಂಗಳದಲ್ಲಿ ತಿರುಗಾಡಿದರು. ಬುಧವಾರ ಬೆಳಿಗ್ಗೆ ನನ್ನನ್ನು ಕರೆದು, “ಮರದ ಅಕ್ಷರ ತೆಗಿ” ಎಂದರು. “ಏನು ಹಾಕಲಿ?” ಎಂದೆ. “ಇದ್ದದ್ದು ಒಂದೇ ಹುಲಿ ಅಂತ ಹಾಕು. ಕೆಳಗೆ ನಡೆದದ್ದನ್ನೆಲ್ಲ ಬರಿ. ನೀನೇ ಬರಿ.”

ಬರೆದೆ. ಅದೇ ಮೊದಲನೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಅಚ್ಚಾಯಿತು. ಕಾಗದದ ಕೋಟಾ ಹೋಗಲಿಲ್ಲ. ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೆ. ಆದರೆ ಆ ಊರಿನಲ್ಲಿ ಮಾತ್ರ ತಿದ್ದುಪಡಿಯನ್ನು ಯಾರೂ ಒಪ್ಪಲಿಲ್ಲ. ಗಂಡು ಹುಲಿಯ ಚರ್ಮವನ್ನು ಯಾರೋ ದೊಡ್ಡವರು ಒಳಗೆ ಹಾಕಿಕೊಂಡು, ಅದನ್ನು ಮುಚ್ಚಿಡಲು ಪೇಪರಿನವರ ಬಾಯಿ ಹಿಡಿದು ಹೀಗೆ ಬರೆಸಿದ್ದಾರೆಂದು ಮಾತಾಡಿಕೊಂಡರಂತೆ. ಗೋಡೆಯ ಮೇಲಿನ ಹಳೆಯ ಹಾಳೆ ಹಾಗೇ ಇತ್ತು. ಹೊಸದನ್ನು ಅಂಟಿಸಲು ಹೋದ ಮೇಷ್ಟರ ಕೈಯಿಂದ ಅಂಬಲಿಯ ಕುಡಿಕೆ ಕಿತ್ತುಕೊಂಡರಂತೆ.

ಊರು ಒಪ್ಪದಿದ್ದರೂ ಒಬ್ಬನಿಗೆ ನಾನೇ ಹೇಳಬೇಕಿತ್ತು. ಎರಡು ತಿಂಗಳ ಮೇಲೆ ಅವನು ಆಸ್ಪತ್ರೆಯಿಂದ ಮನೆಗೆ ಬಂದನೆಂದು ತಿಳಿದು ಹೋದೆ. ಯಜಮಾನರ ತಮ್ಮ ಜಗುಲಿಯ ಮೇಲೆ ಕೂತಿದ್ದ. ಎಡಗೈ ಎದೆಗೆ ಮಡಿಚಿಕೊಂಡು ಒಣಗಿದಂತೆ ಇತ್ತು. ನನ್ನನ್ನು ಕಂಡು ಗುರುತು ಹಿಡಿದ. “ಕಾಲು ಇಡ್ಕಂಡಿದ್ದೋರು ನೀವಲ್ವಾ” ಎಂದ.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಗಂಡು ಹುಲಿ ಇರಲೇ ಇಲ್ಲ. ನೀನು ಹೋದ ದಿನ ಹುಲಿ ಬದುಕಿದೆ ಎಂದು ನನ್ನ ಕೈಯಲ್ಲಿದ್ದ ಕಾಗದದಲ್ಲಿ ಬರೆದಿತ್ತು. ಅದಕ್ಕೂ ಎರಡು ದಿನ ಮೊದಲು ಬಿತ್ತು ಎಂದು ಜೋಡಿಸಿದವನು ನಾನು. ನಿನ್ನ ಕೈ ಹೋದದ್ದು ನನ್ನಿಂದ.

ಅವನು ಬೀದಿಯ ಕಡೆ ನೋಡಿದ. ಒಳಗೆ ಯಾರೋ ಬೀಸುತ್ತಿದ್ದರು. ಬೀಸುವ ಕಲ್ಲಿನ ಸದ್ದು ನಿಂತಿತು, ಮತ್ತೆ ಶುರುವಾಯಿತು.

“ನಂಗೆ ಓದಕ್ ಬರಲ್ಲ” ಎಂದ. “ದನ ಎರಡು ತಿಂಗಳಿಂದ ಅರಚ್ಕತಿದ್ವು. ಯಾರೋ ಓಗ್ಬೌದು ಅಂದ್ರು, ಓದೆ. ಆ ‘ಯಾರೋ’ ನೀವು ಅಂತ ಈಗ ಗೊತ್ತಾಯ್ತು.”

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಪಕ್ಕದಲ್ಲಿ ಬಿಚ್ಚಿ ಬಿದ್ದಿದ್ದ ರುಮಾಲನ್ನು ಬಲಗೈಯಲ್ಲಿ ಎತ್ತಿ ನನ್ನ ಕಡೆ ಚಾಚಿದ.

“ಒಂದ್ ಕೈಲಿ ಸುತ್ತಕ್ಕಾಗಲ್ಲ. ಸಂತೆಗೆ ಓಗ್ಬೇಕು. ಸುತ್ತಿ.”

ನನಗೆ ರುಮಾಲು ಸುತ್ತಿ ಅಭ್ಯಾಸವಿರಲಿಲ್ಲ. ಅವನ ಹಿಂದೆ ನಿಂತು, ಅಂಚು ಹಿಡಿದು, ತೋಚಿದ ಹಾಗೆ ಸುತ್ತಿದೆ. ಅವನು ಬಲಗೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡ.

“ಸೊಟ್ಟ ಆಯ್ತು” ಎಂದ. “ಬಿಚ್ಚಿ ಇನ್ನೊಂದ್ ಕಿತ ಸುತ್ತಿ.”

ಬಿಚ್ಚಿ, ಮೊದಲಿನಿಂದ ಸುತ್ತಿದೆ.